ಎತ್ತರದ ಭಂಗಿ, ತಿರುಗಿ ಬಂದ ಹೋರಿ

ನನ್ನ ಭಾವ ಆ ದಿನ ನ್ಯಾಮತಿಯ ಓಣಿಯಲ್ಲಿ ಎಷ್ಟು ಹೊತ್ತು ನಿಂತಿದ್ದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಳಗೆ ಇದ್ದವರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿಯಿತು ಎನ್ನುತ್ತಾರೆ. ಭಾವನನ್ನು ಕೇಳಿದರೆ, ನಾನು ನಿಂತೇ ಇರಲಿಲ್ಲ, ಹೋರಿಯ ಹಗ್ಗ ಬಿಚ್ಚುತ್ತಿದ್ದೆ ಎನ್ನುತ್ತಾರೆ. ಆ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ನೋಟದಲ್ಲಿ ಕಂಡವಳು ನಾನು. ಪರಿಚಯದವರ ಮನೆಯ ಮಾಳಿಗೆಯ ಮೇಲಿದ್ದೆ, ಒಳ್ಳೆಯ ಬಿಸಿಲಿತ್ತು, ಕಣ್ಣಿಗೆ ಅಡ್ಡ ಏನೂ ಇರಲಿಲ್ಲ. ಆದರೂ ಕೂತು ನೆನಪು ಮಾಡಿಕೊಂಡರೆ ಒಂದೊಂದು ಸಲ ಒಂದೊಂದು ಮೊದಲು ಬರುತ್ತದೆ. ಒಮ್ಮೆ ಗೆಜ್ಜೆಯ ಸದ್ದು ಮೊದಲು, ಒಮ್ಮೆ ಜನರ ಕೂಗು ಮೊದಲು. ಇನ್ನೊಮ್ಮೆ ಇವೆರಡೂ ಇಲ್ಲದೆ ಭಾವನ ಬಿಳಿ ಅಂಗಿ ಮಾತ್ರ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ಚನ್ನಗಿರಿಯಲ್ಲಿ. ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ನಾನು ದಿನಾ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಅಕ್ಕನನ್ನು ಕೊಟ್ಟಿದ್ದು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ನನ್ನ ವಿಷಯ ಸಸ್ಯಶಾಸ್ತ್ರವಾದ್ದರಿಂದ ಭಾವನಿಗೆ ಅದೊಂದು ತಮಾಷೆ. ರಜೆಗೆ ಹೋದಾಗಲೆಲ್ಲ ಹಿತ್ತಲಿನ ಯಾವುದಾದರೂ ಕಳೆ ಕಿತ್ತು ತಂದು ನನ್ನ ಮುಂದೆ ಹಿಡಿಯುವರು.

“ಇದರ ಹೆಸರೇನ್ರೀ ಮೇಡಂ?”

“ಸೊಪ್ಪು, ಭಾವ.”

“ನೋಡ್ರಿ, ಶಿವಮೊಗ್ಗಕ್ಕೆ ಹೋಗಿ ಕಲ್ತಿದ್ದು! ಇಷ್ಟು ನಮ್ಮ ಎಮ್ಮೆಗೂ ಗೊತ್ತೈತೆ.”

ಆ ಮನೆಯಲ್ಲಿ ಒಂದು ಹೋರಿ ಇತ್ತು. ನೇಗಿಲಿಗೂ ಗಾಡಿಗೂ ಹೂಡದೆ, ಹೋರಿ ಬೆದರಿಸುವ ಆಟಕ್ಕೆಂದೇ ಸಾಕಿದ್ದು. ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ ಊರಿನ ಓಣಿಯೊಂದರ ಎರಡೂ ಬದಿಗೆ ಜನ ನಿಲ್ಲುತ್ತಾರೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ರಿಬ್ಬನ್ನು ಕಟ್ಟಿದ ಹೋರಿಗಳನ್ನು ಒಂದಾದ ಮೇಲೊಂದು ಮೇಲಿನ ತುದಿಯಿಂದ ಬಿಡುತ್ತಾರೆ. ಗಂಡಸರು ಅಡ್ಡ ಬಂದು ಕೊಬ್ಬರಿ ಹರಿಯಲು ನೋಡಬೇಕು. ಹೋರಿ ಸರ ಉಳಿಸಿಕೊಂಡು ಕೆಳಗಿನ ತುದಿ ದಾಟಬೇಕು. ನಮ್ಮ ಹೋರಿ ಭಾವನನ್ನು ಬಿಟ್ಟರೆ ಬೇರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಹಾಗಾಗಿ ಮೇಲೆ ಹಗ್ಗ ಬಿಚ್ಚುವವರೂ ಅವರೇ, ಕೆಳಗೆ ಹಿಡಿಯುವವರೂ ಅವರೇ. ಬಿಟ್ಟ ಕೂಡಲೇ ಪಕ್ಕದ ಸಂದಿಗೆ ನುಗ್ಗಿ, ಗೆಳೆಯರೊಬ್ಬರ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಸುತ್ತುದಾರಿಯಲ್ಲಿ ಕೆಳಗಿನ ತುದಿಗೆ ಹೋಗುವರು. ಹೋರಿ ಜನರನ್ನು ತಪ್ಪಿಸಿಕೊಂಡು ಬರುವಷ್ಟರಲ್ಲಿ ಹಿಂಡಿಯ ಬಕೆಟ್ಟು ಹಿಡಿದು “ಬಾ, ಬಾ” ಎಂದು ಕರೆಯುತ್ತಾ ನಿಂತಿರುವರು. ಅದು ಆ ಬಕೆಟ್ಟಿಗಾಗಿ ಓಡುತ್ತಿತ್ತೋ ಅವರಿಗಾಗಿ ಓಡುತ್ತಿತ್ತೋ, ಆಗ ಯಾರೂ ಕೇಳಿಕೊಂಡಿರಲಿಲ್ಲ.

ಆಟದ ದಿನ ಪಟಾಕಿ, ಹಲಗೆ, ಮೈಕು. ಅದಕ್ಕೆ ಹೋರಿ ಬೆಚ್ಚದಿರಲಿ ಎಂದು ಭಾವನ ತಂದೆ ಬೆಳಿಗ್ಗೆ ಅದಕ್ಕೆ ಒಂದು ಉಂಡೆ ತಿನ್ನಿಸುತ್ತಿದ್ದರು. ಅಕ್ಕನ ಹಾಗೆ ನಾನೂ ಅವರನ್ನು ಮಾವ ಎನ್ನುತ್ತಿದ್ದೆ. ಒಂದು ಹಿಡಿ ಭಂಗಿ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಅರೆದು, ಬೆಲ್ಲದಲ್ಲಿ ಕಟ್ಟಿದ ಉಂಡೆ. ಭಂಗಿ ಎಂದರೆ ಗಾಂಜಾ ಗಿಡವೇ. ಆಗ ನಮ್ಮ ಕಡೆ ಅದನ್ನು ಯಾರೂ ಪಿಸುಮಾತಿನಲ್ಲಿ ಹೇಳುತ್ತಿರಲಿಲ್ಲ. ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಬೇಕಾಗುತ್ತದೆಂದು ತಿಪ್ಪೆಯ ಪಕ್ಕ ಒಂದೆರಡು ಗಿಡ ಇರುತ್ತಿದ್ದವು. ಶಿವರಾತ್ರಿಗೆ ಕೆಲವು ಹಿರಿಯರು ಹಾಲಿನಲ್ಲಿ ಅರೆದು ಕುಡಿಯುತ್ತಿದ್ದರು.

ಆ ಮನೆಯಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಹೋರಿಗೆ ಕೊಡುವ ಉಂಡೆಯಿಂದ ಹಗ್ಗ ಹಿಡಿಯುವವನು ಮೊದಲು ಒಂದು ತುತ್ತು ತಿನ್ನಬೇಕು. “ಬಾಯಿಲ್ಲದ್ದು ಅದು. ಏನು ತಿನ್ನಿಸಿದ್ರಿ ಅಂತ ಕೇಳಾಕೆ ಬರಂಗಿಲ್ಲ. ನಾವು ತಿಂದು ನೋಡಿದ್ದನ್ನೇ ಕೊಡಬೇಕು” ಎಂದು ಮಾವ ಹೇಳುತ್ತಿದ್ದರು. ಹಳೆಯ ಗಿಡದ ತುತ್ತು ತಿಂದರೆ ಭಾವನಿಗೆ ಸ್ವಲ್ಪ ಹಸಿವು ಹೆಚ್ಚುತ್ತಿತ್ತು, ಸ್ವಲ್ಪ ಮಾತು ಹೆಚ್ಚುತ್ತಿತ್ತು. “ಇವರಿಗೆ ಮಾತಾಡಾಕೆ ಭಂಗಿ ಬೇರೆ ಬೇಕಾ!” ಎಂದು ಅಕ್ಕ ನಗುತ್ತಿದ್ದಳು. ಅಷ್ಟೇ ಅದರ ಪ್ರತಾಪ.

ಆ ವರ್ಷ ಮಾತ್ರ ಗಿಡ ಬೇರೆ ಇತ್ತು.

ಹಳೆಯದು ಸೊಂಟದೆತ್ತರಕ್ಕೆ ಪೊದೆಯಾಗಿ ನಿಲ್ಲುತ್ತಿತ್ತು, ಎಲೆಯ ಬೆರಳುಗಳು ಅಗಲ, ವಾಸನೆ ಒದ್ದೆ ಗೋಣಿಚೀಲದ್ದು. ಇದು ದನದ ಕೊಟ್ಟಿಗೆಯ ಸೂರನ್ನು ದಾಟಿ ಹೋಗಿತ್ತು. ಕೊಂಬೆಗಳು ದೂರ ದೂರ, ಎಲೆಯ ಬೆರಳುಗಳು ಹುಲ್ಲಿನ ಎಸಳಿನಷ್ಟು ಸಪೂರ. ಮುಟ್ಟಿದರೆ ಕೈಗೆ ಮಾವಿನಕಾಯಿಯ ಸೊನೆ, ನಿಂಬೆಸಿಪ್ಪೆ ಎರಡೂ ಸೇರಿದಂಥ ವಾಸನೆ ಹತ್ತಿ ಸಂಜೆಯವರೆಗೂ ಹೋಗುತ್ತಿರಲಿಲ್ಲ. ಹಳೆಯ ಗಿಡಗಳು ದೀಪಾವಳಿಯ ಹೊತ್ತಿಗೆ ಒಣಗಿ ಬೀಜ ಉದುರಿಸುತ್ತಿದ್ದವು. ಇದು ಆಗಷ್ಟೇ ತೆನೆ ಕಟ್ಟಲು ಶುರು ಮಾಡಿತ್ತು. ಕಾಲೇಜಿನಲ್ಲಿ ನಮ್ಮ ಲೆಕ್ಚರರನ್ನು ಕೇಳಿದ್ದೆ. “ಎರಡೂ ಒಂದೇ, ಸಟೈವಾ. ಸಟೈವಾ ಅಂದರೆ ಬಿತ್ತಿ ಬೆಳೆದದ್ದು ಅಂತ, ಅಷ್ಟೇ. ಭತ್ತಕ್ಕೂ ಅದೇ ಹೆಸರು. ಬೀಜ ಎಲ್ಲಿಂದ ಬಂತು ಅನ್ನೋದನ್ನ ನೋಡಮ್ಮ” ಎಂದಿದ್ದರು. ಒಂದೇ ಎಂದರೋ ಬೇರೆ ಎಂದರೋ ನನಗೆ ಆಗಲೂ ತಿಳಿಯಲಿಲ್ಲ.

ಬೀಜ ಕೊಟ್ಟವರು ಜಗಳೂರು ಕಡೆಯಿಂದ ಬರುತ್ತಿದ್ದ ಒಬ್ಬ ಕಂಬಳಿ ವ್ಯಾಪಾರಿ. ಮಾವ ಅವರಿಗೆ ಊಟ ಹಾಕಿಸಿದ್ದಕ್ಕೆ ಒಂದು ಬಟ್ಟೆಯ ಗಂಟಿನಲ್ಲಿ ಚೂರು ಬೀಜ ಕಟ್ಟಿಕೊಟ್ಟು, “ಒಳ್ಳೆ ಜಾತಿದು, ನಿಮ್ಮ ಹೋರಿಗೆ ಆಗ್ತತಿ” ಎಂದಿದ್ದರಂತೆ. ಮುಂದೆ ಎಂಬತ್ತರ ದಶಕದಲ್ಲಿ ನನಗೆ ಜಗಳೂರಿನಲ್ಲಿಯೇ ಹೈಸ್ಕೂಲು ಟೀಚರ್ ಕೆಲಸ ಸಿಕ್ಕಿತು. ಅಷ್ಟರಲ್ಲಿ ಕಾಯಿದೆ ಬಿಗಿಯಾಗಿ, ಹಿತ್ತಲಲ್ಲಿ ಭಂಗಿ ಇದ್ದರೆ ಜೈಲು ಎಂಬ ಭಯ ಎಲ್ಲರಿಗೂ ಹತ್ತಿತ್ತು. ಒಂದು ದಿನ ಸಂತೆಯಲ್ಲಿ ಆ ವ್ಯಾಪಾರಿ ಹೆಂಡತಿಯ ಜೊತೆ ಕಂಬಳಿ ಹರವಿಕೊಂಡು ಕೂತಿದ್ದರು. ಗುರುತು ಹೇಳಿ, ಆ ಬೀಜ ಎಲ್ಲಿಯದು ಎಂದು ಕೇಳಿದೆ.

ಅವರು ಮೊದಲು ಆಚೀಚೆ ನೋಡಿದರು. “ನೀವು ಪೊಲೀಸ್‌ನೋರ ಮನೇರೇನ್ರೀ?”

“ಅಲ್ಲ, ಸ್ಕೂಲ್ ಟೀಚರ್.”

“ಅದು ಇನ್ನೂ ತಾಪತ್ರಯ. ಪೊಲೀಸ್‌ನೋರು ಕೇಳಿದ್ದನ್ನ ಒಂದ್ಸಲ ಕೇಳ್ತಾರೆ.”

ಆಮೇಲೆ ಹೇಳಿದರು. ಈರುಳ್ಳಿ ಹೇರಿಕೊಂಡು ಕೇರಳಕ್ಕೆ ಹೋಗುತ್ತಿದ್ದ ಲಾರಿ ಡ್ರೈವರೊಬ್ಬ ತಂದಿದ್ದನಂತೆ. ಅಲ್ಲಿ ಏಲಕ್ಕಿ ಬೆಳೆಯುವ ಬೆಟ್ಟದಲ್ಲಿ, ಮೋಡ ಬಂದು ಕೂರುವ ಜಾಗದಲ್ಲಿ ಬೆಳೆಯುವ ಗಿಡ. ಬಿಸಿಲಿಗಾಗಿ ಮೇಲೆ ಮೇಲೆ ಏರುತ್ತದೆ, ಅದಕ್ಕೇ ಅಷ್ಟು ಎತ್ತರ. ನನಗೆ ಸಮಾಧಾನವಾಗುವಷ್ಟರಲ್ಲಿ ಅವರ ಹೆಂಡತಿ ಬಾಯಿ ಹಾಕಿದರು.

“ಯಾವ ಲಾರಿ? ಅದು ಆಂಧ್ರದ ಸಾಧು ಒಬ್ರು ಜಗಲಿ ಮ್ಯಾಲೆ ಬಿಟ್ಟುಹೋದ ಜೋಳಿಗೇಲಿ ಇತ್ತು.”

“ನಿನಗೇನು ಗೊತ್ತು? ನೀನು ಆಗ ತವರಿಗೆ ಹೋಗಿದ್ದೆ.”

“ತವರಿಗೆ ಹೋದೋಳೇ ಆ ಜೋಳಿಗೆ ಒಗೆದಿದ್ದು!”

ಅವರಿಬ್ಬರ ಜಗಳ ಮುಗಿಯುವ ಲಕ್ಷಣ ಕಾಣಲಿಲ್ಲ. ನನಗೆ ಬೇಡದಿದ್ದ ಒಂದು ಕಂಬಳಿ ಕೊಂಡು ಮನೆಗೆ ಬಂದೆ. ಆ ಗಿಡದ ಮೂಲದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಆಟದ ಬೆಳಿಗ್ಗೆಗೆ ಬರುತ್ತೇನೆ. ಮಾವ ಎಂದಿನಂತೆ ಒಂದು ಹಿಡಿ ಸೊಪ್ಪು ಕೀಳಲು ಹೋದರು. ಎಲೆ ಸಪೂರವಾಗಿದ್ದರಿಂದ ಹಿಡಿ ತುಂಬಲಿಲ್ಲ. ಎಷ್ಟು ಕಿತ್ತರೂ ಮುಷ್ಟಿಯೊಳಗೆ ಜಾಗ ಉಳಿಯುತ್ತಿತ್ತು. ಅವರಿಗೆ ಮುಷ್ಟಿಯೇ ಅಳತೆ. ಅದಕ್ಕೇ ತುದಿಯ ಎಳೆ ತೆನೆಗಳನ್ನೂ ಮುರಿದು ಸೇರಿಸಿ, ಒತ್ತಿ, ಹಿಡಿ ತುಂಬಿಸಿಕೊಂಡು ಬಂದರು. ನಾನು ಅಲ್ಲೇ ಹಲ್ಲುಜ್ಜುತ್ತಾ ನಿಂತಿದ್ದೆ. ಕೊಟ್ಟಿಗೆಯ ಬಾಗಿಲಲ್ಲಿ ಭಾವ ಉಂಡೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. “ಈ ಸಲದ್ದು ಬಲು ಒಗರು” ಎಂದರು. ಉಳಿದದ್ದನ್ನು ಹೋರಿ ನಾಲಗೆ ಚಾಚಿ ಎಳೆದುಕೊಂಡಿತು.

ಗಂಡಸರು ಹೋರಿಯನ್ನು ನಡೆಸಿಕೊಂಡು ನ್ಯಾಮತಿಗೆ ಹೊರಟರು. ಅಕ್ಕ ನೆಂಟರ ಅಡುಗೆಗೆಂದು ಮನೆಯಲ್ಲೇ ಉಳಿದಳು. ನಾನು ಪಕ್ಕದ ಮನೆಯ ಹೆಂಗಸರ ಜೊತೆ ಟ್ರ್ಯಾಕ್ಟರಿನಲ್ಲಿ ಹೋದೆ. ಮಾಳಿಗೆ ಹತ್ತುವ ಮೊದಲು ಭಾವನನ್ನು ಮಾತಾಡಿಸಿದೆ. ಅವರು ಹೋರಿಯ ಕೊಂಬಿನ ಬಲೂನನ್ನು ತೀರಾ ಹತ್ತಿರದಿಂದ ನೋಡುತ್ತಿದ್ದರು.

“ಮೇಡಂ, ಇದರೊಳಗೆ ಗಾಳಿ ಹೆಂಗೆ ಸುಮ್ಮನೆ ಕೂತೈತೆ ನೋಡಿದ್ರಾ? ಇಷ್ಟು ಗದ್ದಲದಾಗೆ?”

ನಗತೊಡಗಿದರು. ಎಂದಿನ ತಮಾಷೆ ಎಂದುಕೊಂಡು ನಾನೂ ನಕ್ಕೆ. ಅವರ ಕಣ್ಣು ಕೆಂಪಗಿದ್ದವು; ಓಣಿಯೆಲ್ಲ ಧೂಳು ಎದ್ದಿತ್ತು.

ಆ ಓಣಿ ನಡುವೆ ಸ್ವಲ್ಪ ತಿರುಗುತ್ತದೆ. ಮೇಲಿನ ತುದಿಯಲ್ಲಿ ಹೋರಿ ಬಿಡುವವರಿಗೆ ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ. ನಾನಿದ್ದ ಮಾಳಿಗೆ ತಿರುವಿನ ಮೇಲೆಯೇ ಇತ್ತು.

ಮೈಕಿನಲ್ಲಿ ಅಕ್ಕನ ಊರಿನ ಹೆಸರು ಕೂಗಿದರು. ಭಾವ ಹಗ್ಗ ಬಿಚ್ಚಿದರು. ಇದರಲ್ಲಿ ನನಗೆ ಅನುಮಾನವಿಲ್ಲ. ಹೋರಿ ಹೊರಟಿತು, ಆದರೆ ಓಡಲಿಲ್ಲ. ಬೀಗರ ಮನೆಗೆ ಹೊರಟವರ ಹಾಗೆ ತಲೆ ಎತ್ತಿಕೊಂಡು ನಡೆಯಿತು. “ಏನ್ರಪ್ಪೋ, ಹೋರಿ ಬಿಟ್ರೋ ಎಮ್ಮೆ ಬಿಟ್ರೋ?” ಎಂದು ಯಾರೋ ಕೂಗಿ ಜನ ನಕ್ಕರು. ಕೊಬ್ಬರಿಗೆ ಕೈ ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಓಡುವ ಹೋರಿಯನ್ನು ಅವರು ಬಲ್ಲರು, ನಡೆಯುವ ಹೋರಿ ಯಾವ ಗಳಿಗೆಯಲ್ಲಿ ಏನು ಮಾಡೀತೆಂದು ಯಾರಿಗೆ ಗೊತ್ತು? ಅದು ತಿರುವು ದಾಟಿ ಕೆಳಗೆ ಹೋಯಿತು.

ಭಾವ ಸಂದಿಗೆ ನುಗ್ಗಬೇಕಿತ್ತು. ಸಂದಿಯಲ್ಲಿ ಮೋಟಾರ್‌ಸೈಕಲ್ಲು ಗುರುಗುಟ್ಟುತ್ತಾ ಕಾಯುತ್ತಿತ್ತು, ಗೆಳೆಯರು ಹಾರನ್ ಒತ್ತುತ್ತಿದ್ದರು. ಭಾವ ಅತ್ತ ತಿರುಗಲಿಲ್ಲ. ಖಾಲಿ ಹಗ್ಗ ಹಿಡಿದುಕೊಂಡು ಹೋರಿ ಹೋದ ದಾರಿಯಲ್ಲೇ ನಡೆದು ಬಂದರು. ತಿರುವಿಗೆ ಬಂದು, ಸರಿಯಾಗಿ ನನ್ನ ಕೆಳಗೆ, ಓಣಿಯ ನಟ್ಟನಡುವೆ ನಿಂತರು. ನಿಂತು, ಹಗ್ಗವನ್ನು ಎಡಗೈಗೆ ನಿಧಾನವಾಗಿ ಸುತ್ತತೊಡಗಿದರು. ಹಗ್ಗದ ಇನ್ನೊಂದು ತುದಿಯಲ್ಲಿ ಹೋರಿ ಇರುವಂತೆ ನಡುನಡುವೆ ಅತ್ತ ನೋಡಿ “ಹೋ, ಹೋ, ತಡಿ” ಎನ್ನುತ್ತಿದ್ದರು.

“ಸರೀರಿ ಯಜಮಾನ್ರೇ!” “ದಾರಿ ಬಿಡ್ರೀ!” ಎಂದು ಜನ ಕೂಗಿದರು. ಕೆಲವರಿಗೆ ಇನ್ನೂ ನಗು. ಅಷ್ಟರಲ್ಲಿ ಮೇಲಿನ ತುದಿಯಲ್ಲಿ ಮೈಕು ಮತ್ತೆ ಮಾತಾಡಿತು. ನಮ್ಮ ಹೋರಿ ದಾಟಿಹೋಯಿತೆಂದು ತಿಳಿದು ಮುಂದಿನದನ್ನು ಬಿಟ್ಟರು. ಅದು ಜನರನ್ನು ತಿವಿದ ಹೆಸರಿದ್ದ ಕೆಂಪು ಹೋರಿ.

ಕೆಂಪು ಹೋರಿ ಬರುತ್ತಿರುವುದು ನನಗೆ ಕಾಣುತ್ತಿತ್ತು, ಅತ್ತ ಬೆನ್ನು ಮಾಡಿ ನಿಂತಿದ್ದ ಭಾವನಿಗೆ ಕಾಣುವಂತಿರಲಿಲ್ಲ. “ಭಾವಾ” ಎಂದು ಕೂಗಿದೆ ಎಂದುಕೊಂಡಿದ್ದೇನೆ. ಪಕ್ಕದಲ್ಲಿದ್ದ ಹೆಂಗಸು, ನೀನು ಬಾಯಿ ತೆರೆದಿದ್ದೆ ಅಷ್ಟೇ, ಸದ್ದು ಬರಲಿಲ್ಲ ಎಂದು ಆಮೇಲೆ ಹೇಳಿದಳು. ಇಲ್ಲಿಂದ ಮುಂದೆಯೇ ನನಗೆ ಎಲ್ಲ ಕಲಸಿಹೋಗಿರುವುದು. ಕೆಂಪು ಹೋರಿಯ ಒಂದೊಂದು ಹೆಜ್ಜೆ ಬೇರೆ ಬೇರೆಯಾಗಿ ಕಂಡಿತು. ಅದರ ಗೊರಸಿನಿಂದ ಎದ್ದ ಧೂಳು ಮತ್ತೆ ನೆಲಕ್ಕೆ ಕೂರುವುದನ್ನು ಪೂರ್ತಿ ನೋಡಿದೆ. ಜಗಲಿಯ ಮೇಲೆ ಒಬ್ಬರು ಬೀಡಿ ಹಚ್ಚುತ್ತಿದ್ದರು, ಕಡ್ಡಿ ಆರಿತು, ಇನ್ನೊಂದು ಕಡ್ಡಿ ಗೀರಿದರು. ಇಷ್ಟಕ್ಕೆಲ್ಲ ಹೊತ್ತು ಎಲ್ಲಿತ್ತು? ಭಂಗಿ ತಿಂದರೆ ಹೊತ್ತು ಹೀಗೆ ಎಳೆದುಕೊಳ್ಳುತ್ತದೆಂದು ಭಾವ ಆಮೇಲೆ ಹೇಳಿದರು. ನಾನು ಬೆಳಿಗ್ಗೆ ತಿಂದಿದ್ದು ಬರೀ ಅವಲಕ್ಕಿ.

ಆಗ ಓಣಿಯ ಕೆಳಗಿನ ಕಡೆಯಿಂದ ಗೆಜ್ಜೆ ಕೇಳಿಸಿತು. ನಮ್ಮ ಹೋರಿ. ತುದಿಯಲ್ಲಿ ಬಕೆಟ್ಟೂ ಇರಲಿಲ್ಲ, “ಬಾ, ಬಾ” ಎನ್ನುವವರೂ ಇರಲಿಲ್ಲ. ಅದು ತಿರುಗಿ ಬರುತ್ತಿತ್ತು. ಈಗ ನಡೆಯುತ್ತಿರಲಿಲ್ಲ, ಓಡುತ್ತಿತ್ತು. ಆ ಕಡೆಯಿಂದ ಅದು, ಈ ಕಡೆಯಿಂದ ಕೆಂಪು ಹೋರಿ, ನಡುವೆ ಹಗ್ಗ ಸುತ್ತಿಕೊಳ್ಳುತ್ತಿರುವ ಭಾವ.

ಕೆಂಪು ಹೋರಿ ತಿರುವಿನಲ್ಲಿ ಬಂದದ್ದೇ ಎದುರಿಗೆ ಇನ್ನೊಂದು ಹೋರಿಯನ್ನು ಕಂಡು ಮುಂಗಾಲು ಊರಿ ಪಕ್ಕಕ್ಕೆ ಜಾರಿತು. ಕೊಂಬು ಭಾವನಿಗೆ ತಗಲಲಿಲ್ಲ. ಅದರ ಹೆಗಲು ಬಡಿದು ಅವರು ಜಗಲಿಯ ಕಲ್ಲಿನ ಮೇಲೆ ಹೋಗಿ ಬಿದ್ದರು. ಎರಡು ಹೋರಿಗಳ ಕೊಂಬು ಒಂದಕ್ಕೊಂದು ತಾಗಿದ ಸದ್ದು ಬಂತು, ಬಲೂನುಗಳು ಒಡೆದವು, ಕೆಂಪು ಹೋರಿ ಗೋಡೆಗೆ ಉಜ್ಜಿಕೊಂಡು ಕೆಳಕ್ಕೆ ಓಡಿಹೋಯಿತು. ನಮ್ಮದು ಓಡಲಿಲ್ಲ. ಭಾವ ಬಿದ್ದಲ್ಲಿಗೆ ಬಂದು, ಅವರ ಮೇಲೆ ತಲೆ ಬಗ್ಗಿಸಿಕೊಂಡು ನಿಂತುಬಿಟ್ಟಿತು. ಜನ ಎಳೆದರೂ ಕದಲಲಿಲ್ಲ.

ನಾನು ಕೆಳಗೆ ಇಳಿದು ಬರುವಷ್ಟರಲ್ಲಿ ಅವರನ್ನು ಜೀಪಿಗೆ ಹತ್ತಿಸುತ್ತಿದ್ದರು. ಹೊನ್ನಾಳಿಯ ಆಸ್ಪತ್ರೆ ಮುಟ್ಟುವವರೆಗೂ ಭಾವ ನಗುತ್ತಿದ್ದರು. ಹೆಗಲಿನ ಎಲುಬು ಮುರಿದಿತ್ತು, ಬೆವರು ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ನಡುವೆ ಒಮ್ಮೆ ಸುಮ್ಮನಾಗಿ ನನ್ನ ಕೈ ಹಿಡಿದು, “ಹೋರಿ ಬಿಟ್ನಾ? ಇನ್ನೂ ಬಿಟ್ಟಿಲ್ಲ ಅಲ್ವಾ?” ಎಂದರು. “ಬಿಟ್ರಿ ಭಾವ” ಎಂದೆ. ನಂಬಲಿಲ್ಲ. ನೀರು ಬೇಕೆಂದರು. ಕುಡಿದು, ನೀರು ಇನ್ನೂ ಗಂಟಲಿಗೆ ಬಂದೇ ಇಲ್ಲ ಎಂದು ಅತ್ತರು.

“ಏನು ಕುಡಿದಿದ್ದಾರೆ?” ಎಂದು ಡಾಕ್ಟರು ಕೇಳಿದರು.

“ಕುಡಿಯೋ ಮಂದಿ ಅಲ್ಲ ಸಾಹೇಬ್ರೇ, ಹೋರಿಗೆ ಕೊಟ್ಟಿದ್ದರಾಗೆ ಒಂದು ತುತ್ತು ತಿಂದಾನೆ, ಅಷ್ಟೇ” ಎಂದರು ಮಾವ.

“ಹೋರಿಗೆ ಕೊಡೋದನ್ನ ಇವರು ಯಾಕೆ ತಿಂದರು?”

ಮಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹಂಗಂದ್ರೆ ಹೆಂಗ್ರೀ? ತಿನ್ನದೆ ಹೆಂಗೆ ಕೊಡಾಕಾಗ್ತತಿ?” ಎಂದು ಡಾಕ್ಟರನ್ನೇ ಕೇಳಿದರು.

ಸಂಜೆಯ ಹೊತ್ತಿಗೆ ನಗು ಇಳಿಯಿತು, ನೋವು ಏರಿತು. ಭಾವ ಬದುಕಿದರು. ಹೆಗಲಿಗೆ ಕಟ್ಟು ಹಾಕಿ ಮನೆಗೆ ಕಳಿಸಿದರು.

ಮನೆಯಲ್ಲಿ ಇನ್ನೊಂದು ಚರ್ಚೆ ಕಾದಿತ್ತು. ಓಣಿಯಲ್ಲಿ ತಿರುಗಿ ಬಂದ ಹೋರಿಯನ್ನು ಆ ಕಡೆ ಯಾರೂ ಇಟ್ಟುಕೊಳ್ಳುವುದಿಲ್ಲ. ಒಮ್ಮೆ ಹೆದರಿ ತಿರುಗಿದ್ದು ಮುಂದೆ ಜನರ ಮೇಲೇ ಹೋಗುತ್ತದೆಂದು ದೂರದ ಊರಿಗೆ ಮಾರಿಬಿಡುತ್ತಾರೆ. ಮಾರಬೇಕು ಎಂದರು ಮಾವ. ಅಕ್ಕ ಎಂದೂ ಮಾವನಿಗೆ ಎದುರಾಡಿದವಳಲ್ಲ. ಆ ದಿನ ಮಾತ್ರ, “ಅದು ಇವರ್ನ ಉಳಿಸಾಕೆ ಬಂದಿದ್ದು ಮಾವ. ಅದನ್ನ ಮಾರಿದ್ರೆ ನಾನು ಚನ್ನಗಿರಿಗೆ ಹೋಗ್ತೀನಿ” ಎಂದಳು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

“ನೀನು ಮ್ಯಾಲಿಂದ ನೋಡಿದೋಳು. ಹೇಳು, ಅದು ಇವರ್ನ ಹುಡುಕ್ಕೊಂಡು ಬಂತಾ?” ಎಂದಳು ಅಕ್ಕ.

ಹುಡುಕಿಕೊಂಡು ಬಂದಿರಬಹುದು. ಪಟಾಕಿಗೆ ಹೆದರಿ ಬಂದಿರಬಹುದು. ಅಥವಾ ಅದಕ್ಕೂ ಭಾವನ ಹಾಗೆ, ಇನ್ನೂ ಹಗ್ಗ ಬಿಚ್ಚಿಯೇ ಇಲ್ಲ, ಹೊರಟ ಜಾಗಕ್ಕೆ ಹೋಗಿ ನಿಲ್ಲಬೇಕು ಅನ್ನಿಸಿರಬಹುದು. ಭಾವನ ಮೇಲೆ ತಲೆ ಬಗ್ಗಿಸಿ ನಿಂತಾಗ ಅದರ ಕಣ್ಣು ಅರ್ಧ ಮುಚ್ಚಿದ್ದವು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಒಡೆಯನನ್ನು ಕಾಯುತ್ತಿತ್ತು ಎಂದು ಊರೆಲ್ಲ ಹೇಳಿತು. ಕಾಲು ಎತ್ತಲಾರದೆ ನಿಂತಿತ್ತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

“ಗೊತ್ತಿಲ್ಲ ಅಕ್ಕ. ಆದರೆ ಅದು ಬರದೇ ಇದ್ದಿದ್ದರೆ ಕೆಂಪು ಹೋರಿ ಜಾರುತ್ತಿರಲಿಲ್ಲ” ಎಂದೆ.

ಮಾವ ಎದ್ದು ಹೋಗಿ ತಿಪ್ಪೆಯ ಪಕ್ಕದ ಗಿಡವನ್ನು ಬೇರುಸಹಿತ ಕಿತ್ತು, ಮುರಿದು, ತಿಪ್ಪೆಯೊಳಗೆ ತುಳಿದರು. ಹೋರಿ ಉಳಿಯಿತು. ಓಣಿಗೆ ಮತ್ತೆ ಬಿಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ನಾನು ಹೋದಾಗ ಆ ತಿಪ್ಪೆಯ ಗೊಬ್ಬರವನ್ನು ಜೋಳದ ಹೊಲಕ್ಕೆ ಹಾಕಿದ್ದರು. ಹೊಲದ ತುಂಬ ಭಂಗಿಯ ಸಸಿ ಎದ್ದಿದ್ದವು. ಮಾವ ತುಳಿದ ಗಿಡದಲ್ಲಿ ಬೀಜವೇ ಬಲಿತಿರಲಿಲ್ಲ. ಇವು ಹಳೆಯ ಗಿಡದವಿರಬೇಕು. ಅಥವಾ ಜಗಳೂರಿನ ಗಂಟಿನಲ್ಲಿ ಉಳಿದ ಬೀಜವನ್ನು ಭಾವನ ತಾಯಿ ಎಂದೋ ಕಸದ ಜೊತೆ ಗುಡಿಸಿ ಹಾಕಿದ್ದಿರಬಹುದು. “ನೀವು ಓದಿದೋರು, ಯಾವುದು ಯಾವುದು ಹೇಳ್ರಿ” ಎಂದರು ಭಾವ. ಕೂತು ನೋಡಿದೆ. ಅಂಗೈಯಷ್ಟು ಎತ್ತರದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಎಲ್ಲವನ್ನೂ ಕೀಳತೊಡಗಿದೆವು. ಭಾವನ ಬಲ ಹೆಗಲು ಇನ್ನೂ ಪೂರ್ತಿ ಏಳುತ್ತಿರಲಿಲ್ಲ, ಎಡಗೈಯಲ್ಲಿ ಕೀಳುತ್ತಿದ್ದರು.

ಹೋರಿಯನ್ನು ಭಾವ ಬದುವಿನ ಬೇವಿನ ಮರಕ್ಕೆ ಕಟ್ಟಿದ್ದರು. ಅದು ಒಮ್ಮೆ ಕೊರಳು ಒದರಿ ಗೆಜ್ಜೆ ಸದ್ದಾಯಿತು. ಭಾವ ಥಟ್ಟನೆ ನಿಂತು ತಮ್ಮ ಎಡಗೈ ನೋಡಿಕೊಂಡರು. ಕೈಯಲ್ಲಿ ಸಸಿಗಳಿದ್ದವು.

“ಕಟ್ಟೀನಾ?” ಎಂದರು.

“ಕಟ್ಟೀರಿ ಭಾವ. ನಾನೇ ನೋಡಿದೆ.”

ಅವರು ತಲೆಯಾಡಿಸಿ ಮತ್ತೆ ಬಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ನಾನು ಎದ್ದು, ಸೀರೆಯ ಮಣ್ಣು ಒದರಿಕೊಂಡು, ಬದುವಿನವರೆಗೆ ಹೋಗಿ ಹೋರಿಯ ಹಗ್ಗದ ಗಂಟನ್ನು ಕೈಯಿಂದ ಮುಟ್ಟಿ ನೋಡಿ ಬಂದೆ.